ಶೇಕ್ಸ್‌ಪಿಯರ್‌ನ ಜಾಣಮಾತುಗಳನ್ನು ಕನ್ನಡದಲ್ಲಿ ಓದಿಸುವುದು ಹೇಗೆ? 60 ನಿಮಿಷದ ವಾಚನಕ್ಕೆ ಸಲಹೆ ಬೇಕು

ವಾಚಿಕ

ಒಂದು ಗಂಟೆಯ ವಾಚನ ಕಾರ್ಯಕ್ರಮ. ಆರು ಜನ ಓದುವವರು. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಕೈಯಲ್ಲಿ ಹಾಳೆ ಅಷ್ಟೆ. ವಿಷಯ: ಶೇಕ್ಸ್‌ಪಿಯರ್‌ನ ನಗೆ ಮತ್ತು ವಿವೇಕ. ಕೇಳಲು ಬರುವವರಲ್ಲಿ ಹೆಚ್ಚಿನವರು ನಾಟಕಗಳನ್ನು ಪೂರ್ತಿ ಓದಿದವರಲ್ಲ, ಆದರೆ ಸಾಲುಗಳು ಕಿವಿಗೆ ಬಿದ್ದಿವೆ.

ಕರಡು ಪಟ್ಟಿಯಲ್ಲಿ 25 ಸೂಕ್ತಿಗಳಿವೆ. ‘ಸಾಲ ಕೊಡಬೇಡ, ಸಾಲ ತರಬೇಡ’, ‘ಚುಟುಕುತನವೇ ಜಾಣ್ಮೆಯ ಜೀವ’, ‘ಜಗವೆಲ್ಲ ರಂಗಭೂಮಿ’, ‘ಕೆಲವರು ಹುಟ್ಟುತ್ತಲೇ ದೊಡ್ಡವರು’, ‘ಹಣ ಕದ್ದವನು ಕಸ ಕದ್ದ, ಹೆಸರು ಕದ್ದವನು ನನ್ನನ್ನೇ ಬರಿದು ಮಾಡಿದ’, ‘ಹೊಳೆಯುವುದೆಲ್ಲ ಚಿನ್ನವಲ್ಲ’, ‘ಮೊದಲು ವಕೀಲರನ್ನೆಲ್ಲ ಕೊಲ್ಲೋಣ’, ಹೀಗೆ. ಒಂದೊಂದಕ್ಕೂ ಎರಡು ನಿಮಿಷದ ವಿವರಣೆ ಎಂಬ ಯೋಚನೆ.

ಮೂರು ಪ್ರಶ್ನೆ. ಪಟ್ಟಿ ಸರಿಯಿದೆಯೇ? ಶ್ಲೇಷೆಗಳನ್ನು ಕನ್ನಡಕ್ಕೆ ತರುವುದು ಹೇಗೆ? ಯಾವ ಪಠ್ಯ ಇಟ್ಟುಕೊಳ್ಳಬೇಕು?

ಕೊನೆಸಾಲು

ಪಟ್ಟಿಯೇ ತೊಂದರೆ. 25 ಸೂಕ್ತಿಗಳನ್ನು ಒಂದರ ಹಿಂದೆ ಒಂದು ಓದಿದರೆ ಹತ್ತನೇ ನಿಮಿಷಕ್ಕೆ ಕ್ಯಾಲೆಂಡರ್ ಹಾಳೆ ಹರಿದ ಹಾಗಾಗುತ್ತದೆ. ಈ ಸಾಲುಗಳು ಶೇಕ್ಸ್‌ಪಿಯರ್ ನಮಗೆ ಹೇಳಿದ ಬುದ್ಧಿಮಾತುಗಳಲ್ಲ. ಯಾರೋ ಒಬ್ಬ, ಯಾರೋ ಇನ್ನೊಬ್ಬನಿಗೆ, ಯಾವುದೋ ಕೆಲಸ ಆಗಬೇಕೆಂದು ಹೇಳಿದವು. ಸಾಲಿನ ಹಿಂದಿನ ಎರಡು ಮಾತು, ಮುಂದಿನ ಎರಡು ಮಾತು ಸೇರಿಸಿ ಓದಿ, ನಗು ತಾನಾಗಿ ಬರುತ್ತದೆ.

ನಿಮ್ಮ ಪಟ್ಟಿಯನ್ನೇ ತೆಗೆದುಕೊಳ್ಳಿ.

ಸಾಲದ ಮಾತು, ‘ನಿನಗೆ ನೀನು ನಿಷ್ಠನಾಗಿರು’ ಎಂಬುದು, ಎರಡೂ ಪೊಲೋನಿಯಸ್ಸನವು. ಹ್ಯಾಮ್ಲೆಟ್, ಅಂಕ 1, ದೃಶ್ಯ 3. ಮಗ ಲೇಆರ್ಟೀಸ್ ಫ್ರಾನ್ಸಿಗೆ ಹೊರಟಿದ್ದಾನೆ, ಹಡಗು ಕಾಯುತ್ತಿದೆ, ಅಪ್ಪ ಬೇಗ ಹೋಗು ಎನ್ನುತ್ತಲೇ ಉಪದೇಶ ಶುರುಮಾಡುತ್ತಾನೆ. ಈಗ ಅಂಕ 2, ದೃಶ್ಯ 1 ತೆರೆಯಿರಿ. ಅದೇ ಅಪ್ಪ ರೇನಾಲ್ಡೋ ಎಂಬ ಆಳನ್ನು ಪ್ಯಾರಿಸ್ಸಿಗೆ ಕಳಿಸುತ್ತಿದ್ದಾನೆ, ಮಗನ ಮೇಲೆ ಗೂಢಚಾರಿಕೆ ಮಾಡಲು. ‘ಅವನು ಜೂಜಾಡುತ್ತಾನೆ, ಕುಡಿಯುತ್ತಾನೆ ಅಂತ ನೀನೇ ನಾಲ್ಕು ಸುಳ್ಳು ಹಬ್ಬಿಸು, ಜನ ಬಾಯಿ ಬಿಡುತ್ತಾರೆ’ ಎಂದು ಹೇಳಿಕೊಡುತ್ತಾನೆ. ಹೇಳಿಕೊಡುತ್ತ ನಡುವೆ ‘ನಾನು ಏನು ಹೇಳುತ್ತಿದ್ದೆ?’ ಎಂದು ಮರೆಯುತ್ತಾನೆ. ಈ ಎರಡು ತುಣುಕನ್ನು ಜೋಡಿಸಿ ಓದಿದರೆ ವಿವರಣೆಯೇ ಬೇಡ.

‘ಚುಟುಕುತನ’ದ ಮಾತೂ ಅವನದೇ, ಅಂಕ 2, ದೃಶ್ಯ 2. ರಾಜ ರಾಣಿಯರಿಗೆ ‘ನಿಮ್ಮ ಮಗನಿಗೆ ಹುಚ್ಚು’ ಎಂಬ ಒಂದೇ ಮಾತು ಹೇಳಬೇಕಿದೆ. ಹಗಲು ಯಾಕೆ ಹಗಲು, ರಾತ್ರಿ ಯಾಕೆ ರಾತ್ರಿ ಎಂದು ಶುರುಮಾಡಿ, ಸುತ್ತಿ ಬಳಸಿ, ಆಮೇಲೆ ‘ಚುಟುಕಾಗಿ ಹೇಳುತ್ತೇನೆ’ ಎನ್ನುತ್ತಾನೆ. ಸ್ವಲ್ಪದರಲ್ಲೇ ರಾಣಿ ತಡೆಯುತ್ತಾಳೆ: ‘ವಿಷಯಕ್ಕೆ ಬನ್ನಿ, ಅಲಂಕಾರ ಸಾಕು.’ ಇನ್ನೊಂದು, ಅಲ್ಲಿನ ‘ವಿಟ್’ ಎಂದರೆ ಹಾಸ್ಯವಲ್ಲ, ಬುದ್ಧಿ. ‘ಚುಟುಕುತನ ಹಾಸ್ಯದ ಜೀವಾಳ’ ಎಂದು ಅನುವಾದಿಸಿದರೆ ಅರ್ಥ ಕೆಡುತ್ತದೆ. ನಿಮ್ಮ ‘ಜಾಣ್ಮೆ’ ಸರಿಯಾಗಿದೆ.

‘ಕೆಲವರು ಹುಟ್ಟುತ್ತಲೇ ದೊಡ್ಡವರು, ಕೆಲವರು ದೊಡ್ಡತನ ಗಳಿಸುತ್ತಾರೆ, ಕೆಲವರ ಮೇಲೆ ದೊಡ್ಡತನ ಹೇರಲ್ಪಡುತ್ತದೆ’ ಎಂಬುದು ಟ್ವೆಲ್ಫ್ತ್ ನೈಟ್‌ನಲ್ಲಿ ಒಂದು ಸುಳ್ಳು ಪತ್ರದ ಸಾಲು. ಮನೆವಾರ್ತೆ ನೋಡಿಕೊಳ್ಳುವ ಬಿಗುಮಾನದ ಮಾಲ್ವೋಲಿಯೊನನ್ನು ಮೂರ್ಖನನ್ನಾಗಿಸಲು ದಾಸಿ ಮರಾಯಾ ಯಜಮಾನಿಯ ಅಕ್ಷರದಂತೆ ಬರೆದದ್ದು. ಅದನ್ನು ನಂಬಿ ಅವನು ಹಳದಿ ಕಾಲುಚೀಲಕ್ಕೆ ಅಡ್ಡಪಟ್ಟಿ ಬಿಗಿದುಕೊಂಡು ಬರುತ್ತಾನೆ. ಪದವಿಪ್ರದಾನ ಭಾಷಣಗಳಲ್ಲಿ ಈ ಸಾಲು ಕೇಳಿದಾಗಲೆಲ್ಲ ಆ ಕಾಲುಚೀಲ ಕಣ್ಮುಂದೆ ಬರಬೇಕು.

ವಕೀಲರ ಮಾತು ಆರನೇ ಹೆನ್ರಿ, ಎರಡನೇ ಭಾಗದ್ದು. ಹೇಳುವವನು ಡಿಕ್ ಎಂಬ ಕಟುಕ, ದಂಗೆಕೋರ ಜ್ಯಾಕ್ ಕೇಡ್‌ನ ಸಂಗಡಿಗ. ಅದರ ಬೆನ್ನಿಗೇ ಓದು ಬರಹ ಬರುತ್ತದೆ ಎಂಬ ತಪ್ಪಿಗೆ ಒಬ್ಬ ಗುಮಾಸ್ತನನ್ನು, ಕೊರಳಿಗೆ ಲೇಖನಿ ಮತ್ತು ಮಸಿಕುಡಿಕೆ ಕಟ್ಟಿ, ನೇಣಿಗೆ ಹಾಕಿಸುತ್ತಾರೆ. ನಗು ಅಲ್ಲಿಗೆ ನಿಲ್ಲುತ್ತದೆ.

ಹೆಸರು ಕದ್ದವನ ಮಾತು ಇಯಾಗೊನದು. ಒಥೆಲೊ ಅಂಕ 3, ದೃಶ್ಯ 3ರಲ್ಲಿ ‘ಒಳ್ಳೆಯ ಹೆಸರೇ ಆತ್ಮದ ಒಡವೆ’ ಎನ್ನುವ ಇದೇ ಇಯಾಗೊ, ಅಂಕ 2, ದೃಶ್ಯ 3ರಲ್ಲಿ ಕುಡಿದು ಹುದ್ದೆ ಕಳೆದುಕೊಂಡ ಕ್ಯಾಸಿಯೊಗೆ ‘ಹೆಸರು ಗಿಸರು ಎಲ್ಲ ಬುರುಡೆ, ಯೋಗ್ಯತೆ ಇಲ್ಲದೆ ಬರುತ್ತೆ, ತಪ್ಪಿಲ್ಲದೆ ಹೋಗುತ್ತೆ’ ಎಂದು ಸಮಾಧಾನ ಹೇಳಿರುತ್ತಾನೆ. ಎರಡನ್ನೂ ಒಬ್ಬನೇ ಓದುಗ, ಅದೇ ದನಿಯಲ್ಲಿ ಓದಬೇಕು. ಖಳನ ದನಿ ತೆಗೆದರೆ ಕೆಟ್ಟಿತು. ಎರಡೂ ಬಾರಿ ಅವನು ಹಿತೈಷಿಯಂತೆಯೇ ಕೇಳಿಸಬೇಕು.

ಹಳೇಮುದ್ರಣ

ಕೊನೆಸಾಲು ಹೇಳಿದ್ದು ಒಪ್ಪಿಗೆ, ಆದರೆ ಸಾಲು ಕಿತ್ತುಕೊಳ್ಳುವುದು ಇಂದಿನವರ ಚಾಳಿ ಮಾತ್ರವಲ್ಲ. ಅಂದಿನ ಓದುಗರೂ ಮೆಚ್ಚಿದ ಮಾತುಗಳನ್ನು ತಲೆಬರಹದ ಕೆಳಗೆ ಬರೆದಿಟ್ಟುಕೊಳ್ಳುವ ಪುಸ್ತಕ ಇಟ್ಟುಕೊಳ್ಳುತ್ತಿದ್ದರು. 1603ರಲ್ಲಿ ಬಂದ ಹ್ಯಾಮ್ಲೆಟ್‌ನ ಮೊದಲ ಕ್ವಾರ್ಟೊದಲ್ಲಿ (ಸಣ್ಣ ಆಕಾರದ ಅಂದಿನ ಮುದ್ರಣ) ಪೊಲೋನಿಯಸ್ಸನ ಹೆಸರು ಕೊರಾಂಬಿಸ್. ಅವನ ಉಪದೇಶದ ಸಾಲುಗಳ ಮುಂದೆ ಉದ್ಧರಣ ಚಿಹ್ನೆ ಹಾಕಿ ಅಚ್ಚುಮಾಡಿದ್ದಾರೆ, ‘ಇದನ್ನು ಬರೆದುಕೊಳ್ಳಿ’ ಎನ್ನುವಂತೆ. ಅಂದರೆ ಆ ಮಾತುಗಳು ಒಳ್ಳೆಯವೇ. ಹೇಳುವವನ ನಡತೆಗೆ ಹೊಂದುವುದಿಲ್ಲ, ಅಷ್ಟೆ. ಬರೀ ಗೇಲಿಯ ದನಿಯಲ್ಲಿ ಓದಿಸಬೇಡಿ, ಅರ್ಧ ಮಜಾ ಹೋಗುತ್ತದೆ.

ಇನ್ನು ನಕಲಿ ಸಾಲುಗಳು. 25ರಲ್ಲಿ ಎಷ್ಟು ಅವನವಲ್ಲ ಎಂದು ಮೊದಲು ನೋಡಿ. ನಿಯಮ ಸರಳ: ನಾಟಕ, ಅಂಕ, ದೃಶ್ಯ ಮೂರೂ ಸಿಗದ ಸಾಲನ್ನು ಬಿಡಿ. ‘ನಿರೀಕ್ಷೆಯೇ ಎಲ್ಲ ನೋವಿನ ಮೂಲ’ ಎಂದು ಅವನ ಚಿತ್ರದ ಜೊತೆ ಹರಿದಾಡುವ ಮಾತು ಅವನ ಯಾವ ಕೃತಿಯಲ್ಲೂ ಇಲ್ಲ. ‘ಮೋಸ ಮಾಡಲು ಹೊರಟಾಗ ಎಂಥ ಸಿಕ್ಕುಬಲೆ ನೇಯುತ್ತೇವೆ’ ಎಂಬುದು ವಾಲ್ಟರ್ ಸ್ಕಾಟ್‌ನ 1808ರ ಕಾವ್ಯ ಮಾರ್ಮಿಯನ್‌ನದು. ತಿರಸ್ಕೃತ ಹೆಣ್ಣಿನ ಕೋಪಕ್ಕೆ ನರಕವೂ ಸಾಟಿಯಿಲ್ಲ ಎಂಬ ಮಾತು ಕಾಂಗ್ರೀವ್‌ನ 1697ರ ನಾಟಕದಿಂದ ಬಂದದ್ದು. ಸಾಲು ಇದ್ದರೂ ರೂಪ ಬದಲಾಗಿರಬಹುದು: ನೈದಿಲೆಗೆ ಚಿನ್ನದ ಮುಲಾಮು ಎನ್ನುತ್ತಾರೆ, ಆದರೆ ಕಿಂಗ್ ಜಾನ್‌ನಲ್ಲಿ ಇರುವುದು ಚಿನ್ನಕ್ಕೆ ಚಿನ್ನ ಬಳಿಯುವುದು, ನೈದಿಲೆಗೆ ಬಣ್ಣ ಬಳಿಯುವುದು.

ಸೋಜಿಗ ಏನೆಂದರೆ ನಕಲಿ ಉದ್ಧರಣೆಯ ಗೇಲಿಯನ್ನು ಶೇಕ್ಸ್‌ಪಿಯರ್ ತಾನೇ ಮಾಡಿದ್ದಾನೆ. ಟ್ವೆಲ್ಫ್ತ್ ನೈಟ್ ಅಂಕ 1, ದೃಶ್ಯ 5ರಲ್ಲಿ ವಿದೂಷಕ ಫೆಸ್ಟೆ ‘ಕ್ವಿನಾಪಾಲಸ್ ಏನು ಹೇಳುತ್ತಾನೆ? ಜಾಣ ಪೆದ್ದನಿಗಿಂತ ಪೆದ್ದ ಜಾಣ ಮೇಲು’ ಎಂದು ತೂಗಿ ನೋಡಿ ಹೇಳುತ್ತಾನೆ. ಕ್ವಿನಾಪಾಲಸ್ ಎಂಬ ಪಂಡಿತ ಯಾರೂ ಇರಲಿಲ್ಲ, ಆ ಕ್ಷಣ ಅವನ ಬಾಯಲ್ಲಿ ಹುಟ್ಟಿದವನು.

ಒತ್ತಕ್ಷರ

ಹಳೇಮುದ್ರಣ ಅವರೇ, ಒಂದು ಸಣ್ಣ ತಿದ್ದುಪಡಿ. ಫೆಸ್ಟೆ ಹೇಳುವುದು ತಲೆಕೆಳಗು: ಮೂಢ ಜಾಣನಾಗುವುದಕ್ಕಿಂತ ಜಾಣ ಮೂಢನಾಗುವುದು ಮೇಲು. ನೀವು ಬರೆದ ಕ್ರಮದಲ್ಲಿ ‘ಪೆದ್ದ ಜಾಣ’ ಗೆಲ್ಲುತ್ತಾನೆ. ಓದುವವರ ಹಾಳೆಯಲ್ಲಿ ಇದೇ ಎಡವಟ್ಟು ಆಗುತ್ತದೆ, ಆದ್ದರಿಂದ ‘ಜಾಣಪೆದ್ದ’, ‘ಪೆದ್ದಜಾಣ’ ಎಂದು ಒಂದೇ ಪದವಾಗಿ ಬರೆಸಿ.

ಶ್ಲೇಷೆಯ ಪ್ರಶ್ನೆಗೆ ಬರೋಣ. ಶ್ಲೇಷೆಯನ್ನು ಅಲ್ಲೇ ಅನುವಾದಿಸಲು ಹೋದರೆ ಅಡಿಟಿಪ್ಪಣಿ ಬೇಕಾಗುತ್ತದೆ, ಅಡಿಟಿಪ್ಪಣಿ ಇರುವ ಹಾಸ್ಯಕ್ಕೆ ಯಾರೂ ನಗುವುದಿಲ್ಲ. ಕೆಲವು ಶ್ಲೇಷೆಗಳು ಇವತ್ತಿನ ಇಂಗ್ಲಿಷಿನಲ್ಲೇ ಸತ್ತಿವೆ. ‘ಕಾರಣಗಳು ಬ್ಲ್ಯಾಕ್‌ಬೆರಿಯಷ್ಟು ಹೇರಳವಾಗಿದ್ದರೂ’ ಎಂದು ನಾಲ್ಕನೇ ಹೆನ್ರಿ ನಾಟಕದ ಬಡಾಯಿಕೋರ ಫಾಲ್‌ಸ್ಟಾಫ್ ಹೇಳುವಾಗ ‘ರೀಸನ್’ ಎಂಬುದು ಅಂದಿನ ಉಚ್ಚಾರದಲ್ಲಿ ‘ರೇಸಿನ್’ ಅಂದರೆ ಒಣದ್ರಾಕ್ಷಿಯಂತೆ ಕೇಳುತ್ತಿತ್ತು, ಅದಕ್ಕೇ ಹಣ್ಣಿನ ಹೋಲಿಕೆ. ಲಂಡನ್ನಿನ ಗ್ಲೋಬ್‌ನಲ್ಲಿ 2004ರಲ್ಲಿ ಭಾಷಾಶಾಸ್ತ್ರಜ್ಞ ಡೇವಿಡ್ ಕ್ರಿಸ್ಟಲ್ ನೆರವಿನಿಂದ ಹಳೆಯ ಉಚ್ಚಾರದಲ್ಲಿ ರೋಮಿಯೊ ಜೂಲಿಯೆಟ್ ಆಡಿದಾಗ ಇಂಥವು ಮತ್ತೆ ಕಿವಿಗೆ ಬಿದ್ದವು. ಅಲ್ಲೇ ಅಷ್ಟು ಪಾಡು ಎಂದಮೇಲೆ ಕನ್ನಡದಲ್ಲಿ ಅದನ್ನು ಬಿಟ್ಟುಬಿಡಿ, ಯಾರೂ ಕೇಳುವುದಿಲ್ಲ.

ಬಿಡಲಾಗದ್ದನ್ನು ಅದೇ ದೃಶ್ಯದ ಇನ್ನೊಂದು ಜಾಗದಲ್ಲಿ ಕನ್ನಡದ್ದೇ ಶ್ಲೇಷೆಯಿಂದ ತೀರಿಸಿ. ಹ್ಯಾಮ್ಲೆಟ್ ಅಂಕ 5ರ ಗೋರಿ ಅಗೆಯುವವನ ದೃಶ್ಯ ನೋಡಿ. ಅಲ್ಲಿ ‘ಲೈ’ ಎಂಬ ಒಂದೇ ಪದ ಮಲಗುವುದು, ಸುಳ್ಳು ಹೇಳುವುದು ಎಂಬ ಎರಡರ್ಥದಲ್ಲಿ ಆರೇಳು ಸಲ ಪುಟಿಯುತ್ತದೆ. ಕನ್ನಡದಲ್ಲಿ ಅದಕ್ಕೆ ಜೋಡಿ ಸಿಗುವುದಿಲ್ಲ, ಆ ಭಾಗ ಕತ್ತರಿಸಿ. ಅದರ ಬೆನ್ನಿಗೆ ಬರುವ ಸವಾಲು ಜವಾಬಿನಲ್ಲಿ ಸಾಲ ತೀರುತ್ತದೆ:

‘ಯಾವ ಗಂಡಸಿಗೆ ಅಗೀತಿದ್ದೀಯಪ್ಪ?’
‘ಗಂಡಸಿಗಲ್ಲ ಸ್ವಾಮಿ.’
‘ಹಾಗಾದರೆ ಯಾವ ಹೆಣ್ಣಿಗೆ?’
‘ಹೆಣ್ಣಿಗೂ ಅಲ್ಲ.’
‘ಮತ್ತೆ ಹೂಳೋದು ಯಾರನ್ನ?’
‘ಹೆಣ್ಣಾಗಿದ್ದಳು ಸ್ವಾಮಿ. ಈಗ ಪಾಪ, ಹೆಣ.’

ಮೂಲದಲ್ಲಿ ಇರುವುದು ‘ಹೆಂಗಸಾಗಿದ್ದವಳು, ಈಗ ಸತ್ತಿದ್ದಾಳೆ’ ಎಂಬ ತರ್ಕ ಮಾತ್ರ. ಹೆಣ್ಣು, ಹೆಣದ ಆಟ ಕನ್ನಡದ ಕೊಡುಗೆ. ಓದುವವನು ‘ಹೆಣ’ದ ಮೇಲೆ ಒತ್ತು ಹಾಕಬಾರದು, ಸಾದಾ ಸುದ್ದಿ ಹೇಳಿದ ಹಾಗೆ ಹೇಳಿ ಮತ್ತೆ ಗುದ್ದಲಿ ಹಿಡಿಯಬೇಕು.

ಇನ್ನೊಂದು: ರೋಮಿಯೊ ಜೂಲಿಯೆಟ್ ಅಂಕ 3, ದೃಶ್ಯ 1. ಇರಿತ ತಿಂದ ಮರ್ಕ್ಯೂಶಿಯೊ ಸಾಯುತ್ತ ‘ನಾಳೆ ನನ್ನನ್ನು ಕೇಳಿ ನೋಡಿ, ಗ್ರೇವ್ ಮನುಷ್ಯ ಆಗಿರುತ್ತೇನೆ’ ಎನ್ನುತ್ತಾನೆ. ‘ಗ್ರೇವ್’ ಎಂದರೆ ಗಂಭೀರ, ಗೋರಿ ಎರಡೂ. ‘ನಾಳೆ ಬಂದು ನೋಡಿ, ಎಷ್ಟು ತಣ್ಣಗಾಗಿರ್ತೀನಿ ಅಂತ’ ಎಂದರೆ ಕೆಲಸ ಆಗುತ್ತದೆ. ಈ ದೃಶ್ಯ ಶುರುವಾಗುವುದೇ ‘ಇವತ್ತು ಸುಡುಬಿಸಿಲು, ರಕ್ತ ಕುದಿಯುತ್ತೆ, ಮನೆಗೆ ಹೋಗೋಣ’ ಎಂಬ ಬೆನ್ವೋಲಿಯೊನ ಎಚ್ಚರಿಕೆಯಿಂದ. ಬಿಸಿಲಿನಿಂದ ಶುರುವಾದದ್ದು ತಣ್ಣಗಾಗುವುದರಲ್ಲಿ ಮುಗಿಯುತ್ತದೆ.

ಪುಟಪಲಟ

‘ಹೆಣ್ಣು, ಹೆಣ’ ಚೆನ್ನಾಗಿದೆ. ಆದರೆ ಆ ಹೆಣ್ಣು ತಾನು ಪ್ರೀತಿಸಿದ ಒಫೀಲಿಯಾ ಎಂಬುದು ಹ್ಯಾಮ್ಲೆಟ್‌ಗೆ ಇನ್ನೂ ಗೊತ್ತಿಲ್ಲ, ಕೇಳುಗರಿಗೆ ಗೊತ್ತು. ನಗು ಗಂಟಲಲ್ಲಿ ಸಿಕ್ಕಿಕೊಳ್ಳಬೇಕು. ನಾಟಕ ಗೊತ್ತಿಲ್ಲದ ಕೇಳುಗರಿಗೆ ನಿರೂಪಕ ಮೊದಲೇ ಒಂದು ವಾಕ್ಯದಲ್ಲಿ ಅದನ್ನು ಹೇಳಿಬಿಡಲಿ, ಆಮೇಲೆ ಹೇಳಿದರೆ ಉಪಯೋಗವಿಲ್ಲ.

ಅದೇ ದೃಶ್ಯದ ಇನ್ನೆರಡನ್ನು ಬಿಡಬೇಡಿ. ಹೆಣ ಕೊಳೆಯಲು ಎಷ್ಟು ದಿನ ಎಂದರೆ ‘ಎಂಟೊಂಬತ್ತು ವರ್ಷ, ಚರ್ಮ ಹದಮಾಡುವವನದು ಒಂಬತ್ತು’ ಎನ್ನುತ್ತಾನೆ. ಕಸುಬಿನಿಂದ ಅವನ ಚರ್ಮವೇ ಹದವಾಗಿ ನೀರು ಇಳಿಯುವುದಿಲ್ಲವಂತೆ. ಇನ್ನೊಂದು, ಹುಚ್ಚು ಹಿಡಿದ ಹ್ಯಾಮ್ಲೆಟ್‌ನನ್ನು ಇಂಗ್ಲೆಂಡಿಗೆ ಯಾಕೆ ಕಳಿಸಿದರು ಎಂದರೆ ‘ಅಲ್ಲಿ ಗೊತ್ತಾಗಲ್ಲ ಬಿಡಿ, ಅಲ್ಲಿನ ಜನವೆಲ್ಲ ಅವನಷ್ಟೇ ಹುಚ್ಚರು’. ಡೆನ್ಮಾರ್ಕಿನ ಕಥೆಯೊಳಗೆ ಲಂಡನ್ನಿನ ಪ್ರೇಕ್ಷಕರನ್ನೇ ಚುಚ್ಚಿದ ಮಾತು ಇದು. ಇಂಗ್ಲೆಂಡನ್ನು ಬೆಂಗಳೂರು ಮಾಡುವ ಆಸೆ ಬರುತ್ತದೆ, ಬೇಡ. ಒಂದು ಸಲ ಊರು ಬದಲಿಸಿದರೆ ಕೊನೆಯವರೆಗೂ ಬದಲಿಸಬೇಕಾಗುತ್ತದೆ.

ಕುವೆಂಪು ರಕ್ತಾಕ್ಷಿಯಲ್ಲಿ ಹ್ಯಾಮ್ಲೆಟ್ ಕಥೆಯನ್ನು ಪೂರ್ತಿಯಾಗಿ ಬಿದನೂರಿಗೆ ತಂದರು, ಅದು ರೂಪಾಂತರ. ಮಾಸ್ತಿಯವರ ಲಿಯರ್ ಮಹಾರಾಜ ಅನುವಾದ, ಲಿಯರ್ ಲಿಯರ್ ಆಗಿಯೇ ಉಳಿದ. ಎರಡಕ್ಕೂ ಜಾಗವಿದೆ, ಎರಡನ್ನೂ ಒಂದೇ ಹಾಳೆಯಲ್ಲಿ ಬೆರೆಸಬಾರದು.

ಗೊಂಬೆಸೂತ್ರ

ಡಾಗ್‌ಬೆರಿ ಇಲ್ಲದ ಪಟ್ಟಿಯೇ? ಮಚ್ ಅಡೂ ಅಬೌಟ್ ನಥಿಂಗ್‌ನ ಆ ಕಾವಲು ಅಧಿಕಾರಿ ಕನ್ನಡಕ್ಕೆ ಹೇಳಿ ಮಾಡಿಸಿದವನು. ದೊಡ್ಡ ಪದ ಹುಡುಕಿ, ಅದರ ಪಕ್ಕದ ಪದ ಹಿಡಿದು, ತಲೆಕೆಳಗು ಅರ್ಥ ಹೇಳುತ್ತಾನೆ. ಸೂತ್ರದಲ್ಲಿ ಮೂರು ಅಂಶ: ತಪ್ಪು ಪದ ಸರಿ ಪದದಂತೆಯೇ ಕೇಳಬೇಕು, ಅರ್ಥ ವಿರುದ್ಧವಾಗಿರಬೇಕು, ಹೇಳುವವನಿಗೆ ಒಂದಿಷ್ಟೂ ಅನುಮಾನ ಇರಬಾರದು.

‘ಇಬ್ಬರು ಸಂತೋಷಾಸ್ಪದ ವ್ಯಕ್ತಿಗಳನ್ನು ವಂದಿಸಿ ತಂದಿದ್ದೇವೆ ಸ್ವಾಮಿ.’ (ಸಂಶಯಾಸ್ಪದ, ಬಂಧಿಸಿ.)
‘ಇದು ಅತ್ಯಂತ ಸಹನೀಯ, ಸಹಿಸೋಕೇ ಸಾಧ್ಯವಿಲ್ಲ.’
‘ಎಲೋ ಪಾಪಿ, ಇದಕ್ಕೆ ನಿನಗೆ ಶಾಶ್ವತ ಮೋಕ್ಷವೇ ಗತಿ!’

ಎಲ್ಲಿ ಕೆಡುತ್ತದೆ ಎಂದರೆ, ಇವನಿಗೆ ಹಳ್ಳಿಯ ಆಡುಮಾತು ಕೊಟ್ಟು ಅದನ್ನೇ ನಗೆ ಮಾಡುತ್ತಾರೆ. ಡಾಗ್‌ಬೆರಿಯ ಸಮಸ್ಯೆ ಹಳ್ಳಿಯ ಮಾತಲ್ಲ, ಕಚೇರಿಯ ಮಾತಿನ ಮೋಹ. ‘ಸದರಿ’, ‘ಮೇಲ್ಕಂಡ’, ‘ತತ್ಸಂಬಂಧವಾಗಿ’ ಎಂದು ಮಾತಾಡುವವನು ಅವನು. ಒಂದು ವಾಕ್ಯಕ್ಕೆ ಒಂದು, ಹೆಚ್ಚೆಂದರೆ ಎರಡು ತಪ್ಪು ಪದ ಸಾಕು. ಮೂರಾದರೆ ಕೇಳುಗ ಸರಿ ಪದ ಹುಡುಕುತ್ತ ಹಿಂದೆ ಉಳಿಯುತ್ತಾನೆ.

1600ರ ಕ್ವಾರ್ಟೊದಲ್ಲಿ ವಿಚಾರಣೆಯ ದೃಶ್ಯದಲ್ಲಿ ಡಾಗ್‌ಬೆರಿ ಎಂದು ಅಚ್ಚಾಗಬೇಕಿದ್ದ ಕಡೆ ‘ಕೆಂಪ್’ ಎಂದು ನಟನ ಹೆಸರೇ ಬಿದ್ದಿದೆ. ವಿಲ್ ಕೆಂಪ್ ಕುಣಿತ, ಅಂಗಚೇಷ್ಟೆಗೆ ಹೆಸರಾದವನು. ಅವನು ತಂಡ ಬಿಟ್ಟಮೇಲೆ ಬಂದ ರಾಬರ್ಟ್ ಆರ್ಮಿನ್ ಹಾಡುವವನು, ಮಾತಿನ ಮಲ್ಲ. ಫೆಸ್ಟೆ, ಲಿಯರ್‌ನ ವಿದೂಷಕ ಅವನ ಕಾಲದ ಪಾತ್ರಗಳು. ನಿಮ್ಮ ಆರು ಜನರಲ್ಲೂ ಇದನ್ನು ನೋಡಿ ಹಂಚಿ. ಮುಖದಲ್ಲೇ ನಗಿಸುವವರಿಗೆ ಡಾಗ್‌ಬೆರಿ, ತಣ್ಣಗೆ ಕತ್ತರಿ ಹಾಕುವವರಿಗೆ ಫೆಸ್ಟೆ. ಅದಲು ಬದಲಾದರೆ ಇಬ್ಬರೂ ಮುಳುಗುತ್ತಾರೆ.

ಕೊನೆಸಾಲು

ಫೆಸ್ಟೆಗೆ ತುಣುಕು: ಅಣ್ಣ ಸತ್ತನೆಂದು ವರ್ಷಗಟ್ಟಲೆ ಶೋಕ ಆಚರಿಸುವ ಹಟ ಹಿಡಿದ ಒಲಿವಿಯಾ ‘ಈ ಪೆದ್ದನನ್ನು ಆಚೆ ಕಳಿಸಿ’ ಎನ್ನುತ್ತಾಳೆ. ‘ಪೆದ್ದಿ ನೀವು, ಸಾಧಿಸಿ ತೋರಿಸಲೇ?’ ಎನ್ನುತ್ತಾನೆ. ಯಾಕೆ ಅಳು? ಅಣ್ಣನಿಗಾಗಿ. ಅವನ ಆತ್ಮ ನರಕದಲ್ಲಿದೆ ಅಂತ ಕಾಣುತ್ತೆ. ಸ್ವರ್ಗದಲ್ಲಿದೆ ಅಂತ ನನಗೆ ಗೊತ್ತು ಕಣೋ. ಸ್ವರ್ಗದಲ್ಲಿರೋ ಅಣ್ಣನಿಗೆ ಅಳೋರು ಪೆದ್ದರಲ್ಲದೆ ಇನ್ನೇನು? ಶ್ಲೇಷೆಯಿಲ್ಲ, ಟಿಪ್ಪಣಿ ಬೇಡ. ನಗೆಯೂ ಹೌದು, ಸಾಂತ್ವನವೂ ಹೌದು.

ಗೊಂಬೆಸೂತ್ರ

ಫಾಲ್‌ಸ್ಟಾಫ್‌ಗೆ ಹೆಚ್ಚು ಸಮಯ ಕೊಡಿ. ನಾಲ್ಕನೇ ಹೆನ್ರಿ, ಮೊದಲ ಭಾಗ, ಅಂಕ 2, ದೃಶ್ಯ 4. ದರೋಡೆ ಮಾಡಿ ಬರುವಾಗ ಮುಸುಕು ಹಾಕಿದ ರಾಜಕುಮಾರ ಹಾಲ್ ಮತ್ತು ಪಾಯಿನ್ಸ್ ಇಬ್ಬರೇ ಅವನನ್ನು ಹೆದರಿಸಿ ಓಡಿಸಿದ್ದಾರೆ. ಅದು ಗೊತ್ತಿಲ್ಲದೆ ಅವರ ಮುಂದೆಯೇ ಕೊಚ್ಚಿಕೊಳ್ಳುತ್ತಾನೆ. ಬಕ್ರಂ ಬಟ್ಟೆ ತೊಟ್ಟ ಶತ್ರುಗಳು ಎರಡರಿಂದ ನಾಲ್ಕು, ಏಳು, ಒಂಬತ್ತು, ಹನ್ನೊಂದು ಆಗುತ್ತಾರೆ. (ಕಾಲರ್ ಒಳಗೆ ದರ್ಜಿಗಳು ಹಾಕುವ ಬಕ್ರಂ ಎಂಬ ಪದವೇ ಇಲ್ಲಿರುವುದು, ಬದಲಿಸಬೇಡಿ.)

ಇಲ್ಲಿ ಕನ್ನಡದ ಒಂದು ತೊಡಕು. ಇಬ್ಬರು, ನಾಲ್ವರು, ಏಳು ಜನ ಎಂದು ರೂಪ ಬದಲಾದರೆ ಮೆಟ್ಟಿಲು ಕಿವಿಗೆ ಸಿಗುವುದಿಲ್ಲ. ‘ಇಬ್ಬರು’ ಆದಮೇಲೆ ‘ನಾಲ್ಕು ಜನ’, ‘ಏಳು ಜನ’, ‘ಒಂಬತ್ತು ಜನ’ ಎಂದೇ ಹೋಗಿ. ಫಾಲ್‌ಸ್ಟಾಫ್ ಓದುವವರು ಸಂಖ್ಯೆಯನ್ನು ಒತ್ತಬಾರದು, ಒತ್ತುವುದು ರಾಜಕುಮಾರನ ಕೆಲಸ: ‘ನಾಲ್ಕೇ? ಈಗ ತಾನೇ ಇಬ್ಬರು ಅಂದೆ.’ ಸಂಖ್ಯೆ ಮುಗಿದಮೇಲೆ ಹಸಿರು ಬಟ್ಟೆಯ ಮೂವರು ಹಿಂದಿನಿಂದ ಬಂದರು, ಕೈ ಕಾಣದಷ್ಟು ಕತ್ತಲು ಎನ್ನುತ್ತಾನೆ. ಕೈ ಕಾಣದ ಕತ್ತಲಲ್ಲಿ ಹಸಿರು ಹೇಗೆ ಕಂಡಿತು? ಆ ಪ್ರಶ್ನೆಯ ಮೊದಲು ಪೂರ್ತಿ ಎರಡು ಸೆಕೆಂಡು ಮೌನ. ಕೇಳುಗರು ತಾವೇ ಹಿಡಿಯಲಿ.

ಅದೇ ನಾಟಕದ ಅಂಕ 5, ದೃಶ್ಯ 1ರ ಕೊನೆಯ ಸ್ವಗತವನ್ನೂ ಸೇರಿಸಿ, ಯುದ್ಧಕ್ಕೆ ಮೊದಲಿನದು. ಚರ್ಚಿನ ಪ್ರಶ್ನೋತ್ತರದ ಅಣಕ: ‘ಮಾನ ಮುರಿದ ಕಾಲು ಕೂಡಿಸುತ್ತಾ? ಇಲ್ಲ. ಕೈ? ಇಲ್ಲ. ಗಾಯದ ನೋವು ತೆಗೆಯುತ್ತಾ? ಇಲ್ಲ. ಮಾನ ಅಂದರೆ ಏನು? ಒಂದು ಮಾತು. ಆ ಮಾತಲ್ಲಿ ಏನಿದೆ? ಗಾಳಿ. ಯಾರ ಹತ್ತಿರ ಇದೆ? ಬುಧವಾರ ಸತ್ತವನ ಹತ್ತಿರ.’

ಪುಟಪಲಟ

‘ಮಾನ’ ಬೇಡ ಅನಿಸುತ್ತದೆ. ಕನ್ನಡದಲ್ಲಿ ಮಾನ ಹೋಯಿತು ಎಂದರೆ ಬೇರೆ ಅರ್ಥವೂ ಬರುತ್ತದೆ. ‘ಗೌರವ’?

ಒತ್ತಕ್ಷರ

‘ಗೌರವ’ ಎಂದರೆ ಶಾಲು ಹಣ್ಣಿನ ತಟ್ಟೆ ಕಣ್ಮುಂದೆ ಬರುತ್ತದೆ. ಅದಕ್ಕಾಗಿ ಯಾರೂ ಯುದ್ಧದಲ್ಲಿ ಸಾಯುವುದಿಲ್ಲ. ‘ಮಾನಕ್ಕಂಜಿ ಪ್ರಾಣ ಬಿಟ್ಟ’ ಎನ್ನುವುದು ಕನ್ನಡದಲ್ಲಿ ಇದ್ದೇ ಇದೆ, ಫಾಲ್‌ಸ್ಟಾಫ್ ಗೇಲಿ ಮಾಡುವುದು ಅದನ್ನೇ. ಎರಡು ಅಕ್ಷರ, ಹತ್ತು ಸಲ ಹೇಳಿದರೂ ನಾಲಿಗೆ ಸೋಲದು. ‘ಬುಧವಾರ’ ಹಾಗೇ ಇರಲಿ. ‘ಮೊನ್ನೆ ಸತ್ತವನು’ ಎಂದರೆ ಯಾರೋ ಒಬ್ಬ, ಬುಧವಾರ ಎಂದ ಕೂಡಲೇ ಅವನೊಬ್ಬ ಗೊತ್ತಿದ್ದವನಾಗುತ್ತಾನೆ.

ಮಚ್ ಅಡೂ ನಾಟಕದ ಬಿಯಾಟ್ರಿಸ್, ಬೆನೆಡಿಕ್ ಜಗಳ ಹಾಕುವುದಾದರೆ ಒಂದು ಎಚ್ಚರ. ಅವರ ಆಟ ಎದುರಾಳಿಯ ಪದ ಎತ್ತಿಕೊಂಡು ತಿರುಗಿ ಎಸೆಯುವುದು. ಇಂಗ್ಲಿಷಿನಲ್ಲಿ ಚುಚ್ಚುವ ಪದ ವಾಕ್ಯದ ಕೊನೆಗೆ ಬೀಳುತ್ತದೆ. ಕನ್ನಡದಲ್ಲಿ ಕೊನೆಗೆ ಕ್ರಿಯಾಪದ ಕೂತು ಅದನ್ನು ಮುಚ್ಚಿಬಿಡುತ್ತದೆ. ಆಡುಮಾತಿನಲ್ಲಿ ನಾವು ಕ್ರಮ ತಿರುಗಿಸುತ್ತೇವಲ್ಲ, ಅದನ್ನೇ ಬಳಸಿ:

‘ಇನ್ನೂ ಮಾತಾಡ್ತಾನೇ ಇದ್ದೀರಲ್ಲ ಬೆನೆಡಿಕ್, ಕೇಳೋರು ಯಾರೂ ಇಲ್ಲ.’
‘ಅರೆ, ತಿರಸ್ಕಾರದೇವಿ! ಇನ್ನೂ ಬದುಕಿದ್ದೀರಾ?’
‘ತಿರಸ್ಕಾರ ಸಾಯೋದುಂಟೇ, ಎದುರಿಗೇ ಇರುವಾಗ ಇಂಥಾ ಮೇವು, ಬೆನೆಡಿಕ್ ಅವರು?’

ಏಕವಚನ

ಹೆಸರಿಗೆ ತಕ್ಕ ಸಲಹೆ. ಅಂದಿನ ಇಂಗ್ಲಿಷಿನಲ್ಲಿ ‘ದೌ’ (ನೀನು), ‘ಯೂ’ (ನೀವು) ಎಂಬ ಭೇದ ಇತ್ತು. ಇವತ್ತಿನ ಇಂಗ್ಲಿಷ್ ಕಿವಿಗೆ ಅದು ಹೋಗಿದೆ, ಕನ್ನಡದ ಕಿವಿಗೆ ಹೋಗಿಲ್ಲ. ಟ್ವೆಲ್ಫ್ತ್ ನೈಟ್ ಅಂಕ 3, ದೃಶ್ಯ 2ರಲ್ಲಿ ಸರ್ ಟೋಬಿ ಪುಕ್ಕಲ ಆಂಡ್ರೂಗೆ ಕಾಳಗದ ಸವಾಲು ಬರೆಯುವುದು ಹೇಗೆಂದು ಹೇಳಿಕೊಡುತ್ತಾನೆ: ‘ಒಂದು ಮೂರು ಸಲ ಏಕವಚನದಲ್ಲಿ ಬರೆ, ತಪ್ಪೇನಿಲ್ಲ.’ ಇದು ಅನುವಾದ ಎಂದೇ ಅನಿಸುವುದಿಲ್ಲ. 1603ರಲ್ಲಿ ವಾಲ್ಟರ್ ರ‍್ಯಾಲಿಯ ವಿಚಾರಣೆಯಲ್ಲಿ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್ ‘ನಿನ್ನನ್ನು ಏಕವಚನದಲ್ಲೇ ಕರೀತೀನಿ, ದ್ರೋಹಿ’ ಎಂಬರ್ಥದಲ್ಲಿ ಗದರಿದ್ದು ದಾಖಲೆಯಲ್ಲಿದೆ. ನಗೆಯ ಹಿಂದೆ ಇದ್ದ ಬಿಸಿ ಅಷ್ಟು.

ಹ್ಯಾಮ್ಲೆಟ್ ಅಂಕ 3, ದೃಶ್ಯ 4ರ ತಾಯಿ ಮಗನ ನಾಲ್ಕು ಸಾಲು ಇನ್ನೂ ಒಳ್ಳೆಯದು.

‘ಹ್ಯಾಮ್ಲೆಟ್, ನಿನ್ನಪ್ಪನಿಗೆ ಬಹಳ ನೋವು ಮಾಡಿದ್ದೀಯ ನೀನು.’
‘ಅಮ್ಮಾ, ನಮ್ಮಪ್ಪನಿಗೆ ಬಹಳ ನೋವು ಮಾಡಿದ್ದೀರಿ ನೀವು.’
‘ಸಾಕು ಸಾಕು, ತಲಹರಟೆ ಉತ್ತರ ಕೊಡ್ತೀರಿ ನೀವು.’
‘ಹೋಗಿ ಹೋಗಿ, ಕೆಟ್ಟ ಪ್ರಶ್ನೆ ಕೇಳ್ತೀರಿ ನೀವು.’

ತಾಯಿ ಹೇಳುವ ಅಪ್ಪ ಈಗಿನ ರಾಜ, ಮಗ ಹೇಳುವ ಅಪ್ಪ ಸತ್ತವನು. ಮೂಲದಲ್ಲೂ ರಾಣಿ ಮೊದಲ ಸಾಲಿನಲ್ಲಿ ಏಕವಚನ, ಮೂರನೆಯದರಲ್ಲಿ ಬಹುವಚನ. ಮಗನಿಗೆ ತಾಯಿ ‘ನೀವು’ ಅಂದಳು ಎಂದರೆ ಏನಾಯಿತೆಂದು ಕನ್ನಡದವರಿಗೆ ವಿವರಿಸಬೇಕಿಲ್ಲ.

ಹಳೇಮುದ್ರಣ

ಪಠ್ಯದ ಪ್ರಶ್ನೆ ಉಳಿದಿದೆ. ಮೂಲಕ್ಕೆ ಫೋಲ್ಜರ್ ಗ್ರಂಥಾಲಯದ ಆವೃತ್ತಿ ಅಂತರ್ಜಾಲದಲ್ಲಿ ಉಚಿತ, ಸಾಲುಸಂಖ್ಯೆ ಸಮೇತ. ಶಬ್ದಾರ್ಥಕ್ಕೆ ಆರ್ಡನ್ ಆವೃತ್ತಿಯ ಟಿಪ್ಪಣಿ ಜೊತೆಗಿರಲಿ. ಗದ್ಯಭಾಗದ ಸಾಲುಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ, ಆದ್ದರಿಂದ ಆರೂ ಜನರ ಹಾಳೆಗೆ ಒಂದೇ ಆವೃತ್ತಿ.

ಶೇಕ್ಸ್‌ಪಿಯರ್‌ಗೆ ಹಕ್ಕುಸ್ವಾಮ್ಯವಿಲ್ಲ, ಅನುವಾದಕರಿಗೆ ಇದೆ. ಭಾರತದಲ್ಲಿ ಲೇಖಕ ತೀರಿದ ಮುಂದಿನ ವರ್ಷದಿಂದ 60 ವರ್ಷ. ಡಿವಿಜಿ ತೀರಿದ್ದು 1975ರಲ್ಲಿ, ಮಾಸ್ತಿ 1986, ಕುವೆಂಪು 1994. ಅವರ ಅನುವಾದ ಸಾರ್ವಜನಿಕವಾಗಿ ಓದುವುದಾದರೆ ಹಕ್ಕುದಾರರ ಒಪ್ಪಿಗೆ ಪಡೆಯಿರಿ, ಇಲ್ಲವೇ ನೀವೇ ಅನುವಾದಿಸಿ.

ಅನುವಾದಿಸುವಾಗ ಪರಿಚಿತ ಮುಖದ ಪದಗಳೇ ಮೋಸ ಮಾಡುತ್ತವೆ. ಜೂಲಿಯೆಟ್‌ಳ ‘ವೇರ್‌ಫೋರ್’ ಎಂದರೆ ‘ಯಾಕೆ’, ‘ಎಲ್ಲಿ’ ಅಲ್ಲ. ‘ಯಾಕೆ ನೀನು ರೋಮಿಯೊ ಆಗಿದ್ದೀಯ?’ ಎಂಬುದು ಪ್ರಶ್ನೆ, ಹೆಸರಿನ ಮಾತು ಬರುವುದು ಅದಕ್ಕೇ. ಹ್ಯಾಮ್ಲೆಟ್‌ನ ರಾಣಿ ಹೇಳುವ ‘ಪ್ರೊಟೆಸ್ಟ್’ ಎಂದರೆ ಆಣೆ ಇಡುವುದು, ಪ್ರತಿಭಟಿಸುವುದಲ್ಲ.

ವಾಚಿಕ

ಹಳೆ ಪಟ್ಟಿ ಕೈಬಿಟ್ಟೆವು. ಹೊಸ ಕ್ರಮ, ನಿಮಿಷ ಸಮೇತ: ಪೀಠಿಕೆ 3, ಪೊಲೋನಿಯಸ್ ಜೋಡಿ 6, ಫೆಸ್ಟೆ ಮತ್ತು ಒಲಿವಿಯಾ 4, ಟೋಬಿಯ ಏಕವಚನ 3, ಇಯಾಗೊ ಜೋಡಿ 4, ಬಿಯಾಟ್ರಿಸ್ 5, ಡಾಗ್‌ಬೆರಿ 7, ಫಾಲ್‌ಸ್ಟಾಫ್‌ನ ಲೆಕ್ಕ 8, ಮಾನ 4, ಗೋರಿ 6, ‘ಜಗವೆಲ್ಲ ರಂಗಭೂಮಿ’ 5. ಒಟ್ಟು 55. ಮ್ಯಾಕ್‌ಬೆತ್‌ನ ಬಾಗಿಲು ಕಾಯುವವನನ್ನು ಸೇರಿಸಲೇ?

ಗೊಂಬೆಸೂತ್ರ

ಬೇಡ. ಅವನ ಎರಡು ನಾಲಿಗೆಯ ಸಾಕ್ಷಿಯ ಹಾಸ್ಯ ಇಂಗ್ಲೆಂಡಿನ ಸಂಸತ್ತನ್ನು ಸ್ಫೋಟಿಸಲು ಹೂಡಿದ 1605ರ ಸಿಡಿಮದ್ದಿನ ಸಂಚು, ಮರುವರ್ಷದ ವಿಚಾರಣೆಗಳಿಗೆ ತಗುಲಿಕೊಂಡದ್ದು. ವಿವರಣೆ ನಗೆಗಿಂತ ಉದ್ದ. ಉಳಿದ ಐದು ನಿಮಿಷ ನಗುವಿಗೆ ಬಿಡಿ, ಜನ ನಕ್ಕರೆ ಅಷ್ಟು ಬೇಕೇ ಬೇಕು. ಜೋರಾಗಿ ಓದಲು ನಿಮಿಷಕ್ಕೆ 90 ಕನ್ನಡ ಪದ ಎಂದು ಲೆಕ್ಕ ಹಿಡಿದು ಹಾಳೆ ಕತ್ತರಿಸಿ, ಆಮೇಲೆ ಗಡಿಯಾರ ಇಟ್ಟು ಎರಡು ಸಲ ಓದಿಸಿ.

ಕೊನೆಸಾಲು

‘ರಂಗಭೂಮಿ’ ಕೊನೆಗಿಟ್ಟದ್ದು ಸರಿ, ಎಲ್ಲಿ ನಿಲ್ಲಿಸುತ್ತೀರಿ ಎಂಬುದು ಮುಖ್ಯ. ಆ್ಯಸ್ ಯು ಲೈಕ್ ಇಟ್ ನಾಟಕದಲ್ಲಿ ಜೇಕ್ವಿಸ್ ಹೇಳುವ ಮನುಷ್ಯನ ಏಳನೇ ಅವಸ್ಥೆ ‘ಹಲ್ಲಿಲ್ಲ, ಕಣ್ಣಿಲ್ಲ, ರುಚಿಯಿಲ್ಲ, ಏನೂ ಇಲ್ಲ’ ಎಂದು ಮುಗಿಯುತ್ತದೆ. ಎಲ್ಲರೂ ಅಲ್ಲೇ ನಿಲ್ಲಿಸುತ್ತಾರೆ. ಮೂಲದಲ್ಲಿ ಆ ಕ್ಷಣವೇ ಆರ್ಲಾಂಡೊ ಬರುತ್ತಾನೆ, ಎಂಬತ್ತರ ಹತ್ತಿರದ ಮುದುಕ ಆ್ಯಡಮ್‌ನನ್ನು ಹೊತ್ತುಕೊಂಡು. ತನ್ನ ಉಳಿತಾಯವನ್ನೆಲ್ಲ ಕೊಟ್ಟು ಒಡೆಯನ ಜೊತೆ ಕಾಡಿಗೆ ಬಂದವನು ಆ ಮುದುಕ. ‘ಆ ಪೂಜ್ಯ ಹೊರೆ ಇಳಿಸಿ, ಅವರಿಗೆ ಊಟ ಕೊಡಿ’ ಎನ್ನುತ್ತಾನೆ ಡ್ಯೂಕ್. ಆ ಸಾಲಿನವರೆಗೂ ಓದಿ.

ಒತ್ತಕ್ಷರ

ಡಾಗ್‌ಬೆರಿ ಹಾಳೆಗೆ ಒಂದು ಕೊನೆಯ ತಿದ್ದುಪಡಿ. ಕೈದಿ ಅವನನ್ನು ಕತ್ತೆ ಎನ್ನುತ್ತಾನೆ. ಬರೆದುಕೊಳ್ಳುವವನು ಆಗಲೇ ಎದ್ದು ಹೋಗಿದ್ದಾನೆ. ‘ನನ್ನನ್ನು ಕತ್ತೆ ಅಂತ ಅಂದ ಅನ್ನೋದನ್ನ ಮರೀಬೇಡಿ’ ಎಂದು ಬರೆದರೆ ವ್ಯಾಕರಣ ಸರಿ, ಹಾಸ್ಯ ಸತ್ತಿತು. ಆ ‘ಅಂತ ಅಂದ’ ತೆಗೆದುಹಾಕಿ: ‘ಬರವಣಿಗೆಯಲ್ಲಿ ಇಲ್ಲದಿದ್ದರೂ ಪರವಾಗಿಲ್ಲ ಮಹನೀಯರೇ, ನಾನು ಕತ್ತೆ ಅನ್ನೋದನ್ನ ಯಾರೂ ಮರೀಬೇಡಿ.’